ಮಳೆಗಾಲದಲ್ಲಿ ಸಿಪ್ಯಾಪ್ ಡೇಟಾ ಡಾಕ್ಟರಿಗೆ ತಲುಪುತ್ತಿಲ್ಲ, ಬಳಕೆಯೂ ಕಡಿಮೆ

ನಾಪೋಕ್ಲು_ಮಳೆ:
ತಂದೆಯವರಿಗೆ 68 ವರ್ಷ, ತೀವ್ರ ಸ್ಲೀಪ್ ಆಪ್ನಿಯ (ನಿದ್ರೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ಕಾಯಿಲೆ). ಮಲಗಿದಾಗ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ರೆಸ್‌ಮೆಡ್ ಕಂಪನಿಯ ಆಟೋ ಸಿಪ್ಯಾಪ್ ಯಂತ್ರ ಇದೆ, ಲೆಕ್ಕವನ್ನು ಮೊಬೈಲ್ ನೆಟ್‌ವರ್ಕಿನಲ್ಲಿ ಕಳಿಸುವ ಮೋಡೆಮ್ ಅದರಲ್ಲೇ ಇದೆ; ಮೂಗಿನ ಮಾಸ್ಕ್. ಮೈಸೂರಿನ ಡಾಕ್ಟರು ಆ ಲೆಕ್ಕವನ್ನು ಅಲ್ಲಿಂದಲೇ ನೋಡುತ್ತಾರೆ. ಕರೆಂಟ್ ಹೋದರೆ ಟವರೂ ಹೋಗುತ್ತದೆ, ಅವರಿಗೆ ಆ ದಿನಗಳು ಖಾಲಿ ಕಾಣುತ್ತವೆ. ಸಿಕ್ಕ ಲೆಕ್ಕ: ರಾತ್ರಿಗೆ ಬಳಕೆ 2 ಗಂಟೆ 40 ನಿಮಿಷ, ಎಎಚ್‌ಐ (ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ಕಟ್ಟಿತು ಅಥವಾ ಕುಗ್ಗಿತು) 3, ಲೀಕ್ (ಸೋರುವ ಗಾಳಿ) ನಿಮಿಷಕ್ಕೆ 38 ಲೀಟರ್. ನಡುರಾತ್ರಿ ಮಾಸ್ಕ್ ಕಿತ್ತಿಡುತ್ತಾರೆ. ಗಾಳಿಯ ಪ್ರೆಶರ್ ಇಳಿಸಲು ಹೇಳಲೇ?

ನಿದ್ರೆಲ್ಯಾಬ್_ಮಡಿಕೇರಿ:
ಮೊದಲು ಲೀಕ್ ನೋಡಿ. ನಿಮಿಷಕ್ಕೆ 24 ಲೀಟರ್ ದಾಟಿದರೆ ನಿಮ್ಮ ಯಂತ್ರದ ಲೆಕ್ಕದಲ್ಲಿ ಅದು ಹೆಚ್ಚು, ಎಎಚ್‌ಐಯನ್ನೂ ಪೂರ್ತಿ ನಂಬುವಂತಿಲ್ಲ. ಅದೂ ಅಲ್ಲದೆ ಆ 3 ಮಾಸ್ಕ್ ಮುಖದ ಮೇಲಿದ್ದ ಹೊತ್ತಿನದು ಮಾತ್ರ. ಕಿತ್ತಿಟ್ಟ ಮೇಲೆ ಉಸಿರು ಎಷ್ಟು ಸಲ ಕಟ್ಟಿತೋ ಅದು ಎಣಿಕೆಗೇ ಬಂದಿಲ್ಲ.

ಅವರನ್ನು ಮಲಗಿಸಿ, ಯಂತ್ರ ಓಡುತ್ತಿರುವಾಗಲೇ ಮಾಸ್ಕ್ ಅಂಚಿನ ಸುತ್ತ ಒದ್ದೆ ಕೈ ಆಡಿಸಿ. ಗಾಳಿ ತಣ್ಣಗೆ ತಾಗಿದ ಕಡೆ ಸೋರುತ್ತಿದೆ. ಪಟ್ಟಿ ಬಿಗಿದಷ್ಟೂ ಕುಶನ್ (ಮುಖಕ್ಕೆ ತಾಗುವ ಮೆತ್ತನೆಯ ಅಂಚು) ಮಡಚಿ ಇನ್ನೂ ಸೋರುತ್ತದೆ; ಸಡಿಲಿಸಿ ಮತ್ತೆ ಕೂರಿಸಿ. ಮುಖದ ಎಣ್ಣೆಯಂಶದಿಂದಲೂ ಕುಶನ್ ಜಾರುತ್ತದೆ, ಕುಶನನ್ನು ದಿನಾ ಸೌಮ್ಯ ಸೋಪಿನಲ್ಲಿ ತೊಳೆಯಿರಿ. ಅಂಚು ಸರಿಯಿದ್ದೂ ಬೆಳಿಗ್ಗೆ ಬಾಯಿ ಒಣಗಿರುತ್ತದೆಯೆಂದರೆ ಬಾಯಿಂದ ಹೋಗುತ್ತಿದೆ. ಆಗ ಮೂಗು–ಬಾಯಿ ಎರಡೂ ಮುಚ್ಚುವ ಮಾಸ್ಕ್ ಬಗ್ಗೆ ಡಾಕ್ಟರನ್ನು ಕೇಳಿ.

ಏಲಕ್ಕಿ_ಸೋಮವಾರಪೇಟೆ:
ಖಾಲಿ ದಿನ ಅಂದರೆ ಹಾಕಿಕೊಂಡಿಲ್ಲ ಅಂತಲ್ಲ. ಸಿಗ್ನಲ್ ಇಲ್ಲದ ರಾತ್ರಿಯ ಲೆಕ್ಕ ಯಂತ್ರದಲ್ಲೇ ಉಳಿದು ಆಮೇಲೆ ಹೋಗುತ್ತದೆ. ಹೋಗುವುದು ಯಂತ್ರ ನಿಂತ ಮೇಲೆ, ಹಾಗಾಗಿ ಎದ್ದ ಕೂಡಲೇ ಗೋಡೆ ಸ್ವಿಚ್ ಆರಿಸಬೇಡಿ. ಯಂತ್ರದ ಏರೋಪ್ಲೇನ್ ಮೋಡ್ ಆಫ್ ಇದೆಯೇ ನೋಡಿ. ವಾರಗಟ್ಟಲೆ ನೆಟ್‌ವರ್ಕ್ ಇಲ್ಲದಿದ್ದರೆ ಯಂತ್ರದ ಎಸ್‌ಡಿ ಕಾರ್ಡ್ ತೆಗೆದು, ಕಂಪ್ಯೂಟರ್ ಅದರಲ್ಲಿ ಏನೂ ಬರೆಯದಂತೆ ಕಾರ್ಡಿನ ಪಕ್ಕದ ಪುಟ್ಟ ಲಾಕ್ ಸರಿಸಿ, ಕಂಪ್ಯೂಟರಿಗೆ ಹಾಕಿ. ಆಸ್ಕರ್ ಎಂಬ ಉಚಿತ ತಂತ್ರಾಂಶದಲ್ಲಿ ಗ್ರಾಫ್ ತೆರೆದು ಚಿತ್ರ ಕಳಿಸಬಹುದು. ವಾಪಸ್ ಹಾಕುವಾಗ ಲಾಕ್ ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಕಾರ್ಡಿನಲ್ಲಿ ಏನೂ ದಾಖಲಾಗುವುದಿಲ್ಲ.

ಕರೆಂಟ್ ಹೋದಾಗ ಯಂತ್ರ ಓಡಿಸುವ ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥದ್ದೇ ನಯವಾದ ಅಲೆ ಕೊಡುವ) ಬಗೆಯದಾಗಿರಲಿ. ಹೆಚ್ಚು ಕರೆಂಟ್ ಎಳೆಯುವುದು ಹ್ಯುಮಿಡಿಫೈಯರ್ (ಗಾಳಿಗೆ ತೇವ ಕೊಡುವ ಭಾಗ) ಮತ್ತು ಬಿಸಿ ಪೈಪ್. ಬ್ಯಾಟರಿ ಮೇಲಿರುವಾಗ ಎರಡನ್ನೂ ಆರಿಸಿ.

ನಾಪೋಕ್ಲು_ಮಳೆ:
ಬಿಸಿ ಪೈಪ್ ಇಲ್ಲ, ಸಾದಾ ಪೈಪ್. ರಾತ್ರಿ ಎರಡು ಗಂಟೆಯ ಹೊತ್ತಿಗೆ ಅದರಲ್ಲಿ ಗುಳುಗುಳು ಸದ್ದು ಬರುತ್ತದೆ.

ನಿದ್ರೆಲ್ಯಾಬ್_ಮಡಿಕೇರಿ:
ಹಾಗಾದರೆ ಅವರು ಮಾಸ್ಕ್ ಕೀಳುವುದು ಬಹುಶಃ ಅದಕ್ಕೇ. ಕೋಣೆಯ ಥಂಡಿಗೆ ಪೈಪಿನೊಳಗೆ ಆವಿ ನೀರಾಗಿ ಮೂಗಿಗೆ ಬರುತ್ತದೆ. ಹ್ಯುಮಿಡಿಫೈಯರ್ ಒಂದು ಹಂತ ಇಳಿಸಿ, ಯಂತ್ರ ಮಂಚಕ್ಕಿಂತ ಕೆಳಗಿಡಿ, ಪೈಪಿಗೆ ಬಟ್ಟೆ ಸುತ್ತಿ ಕಂಬಳಿಯೊಳಗಿಂದ ತನ್ನಿ. ಎರಡು ದಿನ ಸತತ ಬಳಕೆ 4 ಗಂಟೆಗಿಂತ ಕಡಿಮೆಯಾದರೆ ಮನೆಗೆ ಫೋನ್ ಮಾಡುವಂತೆ ಕ್ಲಿನಿಕ್ಕಿಗೆ ಹೇಳಿಡಿ. ತಿಂಗಳ ಕೊನೆಗೆ ರಿಪೋರ್ಟ್ ನೋಡುವಷ್ಟರಲ್ಲಿ ಯಂತ್ರ ಅಟ್ಟ ಸೇರಿರುತ್ತದೆ.