ಸಹಾಯ ಬೇಕು: ಮೂರು ತಲೆಮಾರು ಒಟ್ಟಿಗಿರುವ ಮನೆಗಳು (ಹಾಸನ, ಬೇಲೂರು ಕಡೆ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಅಜ್ಜ-ಅಜ್ಜಿ, ಅಪ್ಪ-ಅಮ್ಮ, ಹೈಸ್ಕೂಲ್ ಅಥವಾ ಪಿಯುಸಿ ಮಕ್ಕಳು ಒಂದೇ ಮನೆಯಲ್ಲಿ ಹೇಗಿದ್ದಾರೆ, ಒಬ್ಬರಿಗೊಬ್ಬರು ಎಷ್ಟು ಮಾತಾಡುತ್ತಾರೆ ಅನ್ನೋದು ನನ್ನ ಪ್ರಾಜೆಕ್ಟ್.

ವಿಶ್ವ ಆರೋಗ್ಯ ಸಂಸ್ಥೆಯ 5 ಪ್ರಶ್ನೆಗಳ ಪಟ್ಟಿ ಬಳಸುತ್ತಿದ್ದೇನೆ. ಕಳೆದ 2 ವಾರ ಮನಸ್ಸು ಹೇಗಿತ್ತು ಅಂತ ಅದು ಕೇಳುತ್ತದೆ. ಪ್ರತಿ ಉತ್ತರಕ್ಕೂ 0ರಿಂದ 5 ಅಂಕ. ಮೊನ್ನೆ ಬೇಲೂರು ಹತ್ತಿರ ಒಬ್ಬರು ಅಜ್ಜಿಗೆ, 'ಉಲ್ಲಾಸದಿಂದ ಇದ್ದೀರಾ?' ಅಂದೆ. ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು. 'ಹಂಗಂದ್ರೆ ಏನವ್ವ? ಮೊಮ್ಮಗ ಪಕ್ಕದಲ್ಲೇ ಕೂತಿರ್ತಾನೆ, ಫೋನಿಂದ ತಲೆ ಎತ್ತಲ್ಲ' ಅಂದರು. ಇದಕ್ಕೆ ಎಷ್ಟು ಅಂಕ ಬರೆಯಲಿ? ಇನ್ನೂ ಅದೇ ಮಾತು ಕಿವಿಯಲ್ಲಿದೆ.

ಪಟ್ಟಿಯ ಪ್ರಶ್ನೆಗಳನ್ನು ಸುಮ್ನೆ ಬದಲಾಯಿಸುವ ಹಾಗಿಲ್ಲ. ಆದರೆ ಬಿಡಿಸಿ ಹೇಳಬಹುದಲ್ವಾ? ಉಲ್ಲಾಸ, ಚೈತನ್ಯ ಇಂಥ ಮಾತಿಗೆ ನಿಮ್ಮ ಮನೆಯ ಹಿರಿಯರು ಏನಂತಾರೆ, ದಯವಿಟ್ಟು ತಿಳಿಸಿ.

ಮಾತಾಡಲು ಒಪ್ಪುವ ಮನೆಗಳಿದ್ದರೂ ಹೇಳಿ. 18 ವರ್ಷದೊಳಗಿನವರಾದರೆ ಅಪ್ಪ-ಅಮ್ಮನ ಜೊತೆ ಮಕ್ಕಳೂ ಒಪ್ಪಬೇಕು. ಮಧ್ಯದಲ್ಲಿ ಬೇಡ ಅಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಹೆಸರು ಎಲ್ಲೂ ಬರುವುದಿಲ್ಲ. ಕಾಫಿ ಕೊಯ್ಲು ನಡೆಯುತ್ತಿದ್ದರೆ ಸಂಜೆ ಬರುತ್ತೇನೆ.