ಫೋರ್ ಬಾರ್ ಸಿಮ್ಯುಲೇಷನ್ ಓಡುತ್ತಿದೆ, ಆದರೆ ಡಿಗ್ರಿ ಆಫ್ ಫ್ರೀಡಂ −2 ಎನ್ನುತ್ತಿದೆ. ಯಾವ ಬಲವನ್ನು ನಂಬಲಿ?

ಗೋಕುಲರಸ್ತೆ
ನಮಸ್ಕಾರ. ಹುಬ್ಬಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಡಿಸೈನ್ ನೋಡಿಕೊಳ್ಳುತ್ತೇನೆ. 10 ಕೆ.ಜಿ. ಬೆಲ್ಲದ ಪೆಟ್ಟಿಗೆಯನ್ನು ಟೇಬಲ್ಲಿನಿಂದ ಕನ್ವೇಯರ್‌ಗೆ ತಳ್ಳುವ ಯಂತ್ರ. ಫೋರ್ ಬಾರ್, ಅಂದರೆ ಪಿನ್‌ಗಳಿಂದ ಜೋಡಿಸಿದ ನಾಲ್ಕು ಲಿಂಕ್‌ಗಳು: ಪೂರ್ತಿ ಸುತ್ತುವ ಕ್ರ್ಯಾಂಕ್ 40 ಮಿ.ಮೀ., ಹಿಂದೆ ಮುಂದೆ ತೂಗುವ ರಾಕರ್ 80, ಅವೆರಡನ್ನೂ ಜೋಡಿಸುವ ಕಪ್ಲರ್ 120, ಎರಡು ನೆಲದ ಪಿನ್‌ಗಳ ನಡುವೆ 110. ರಾಕರನ್ನೇ ಮುಂದುವರಿಸಿ 300 ಮಿ.ಮೀ. ತೋಳು ಮಾಡಿದ್ದೇನೆ. ರಾಕರ್ ಮೇಲಿನ ತಡೆ ಸುಮಾರು 12 ನ್ಯೂಟನ್ ಮೀಟರ್.

ಕ್ಯಾಡ್ ಅಸೆಂಬ್ಲಿಯಲ್ಲಿ ನಾಲ್ಕೂ ಪಿನ್‌ಗಳಿಗೆ ರಿವಲ್ಯೂಟ್ ಜಾಯಿಂಟ್ (ಪಿನ್ನಿನ ಸುತ್ತ ತಿರುಗಲು ಮಾತ್ರ ಬಿಡುವ ಕೀಲು) ಕೊಟ್ಟೆ. ಚೆನ್ನಾಗಿಯೇ ತಿರುಗುತ್ತದೆ. ಆದರೆ ಡಿಗ್ರಿ ಆಫ್ ಫ್ರೀಡಂ (ಸ್ವತಂತ್ರ ಚಲನೆಗಳ ಸಂಖ್ಯೆ) −2, ಅನಗತ್ಯ ಬಂಧನಗಳಿವೆ ಎಂಬ ಎಚ್ಚರಿಕೆ ಬರುತ್ತದೆ. ಕಪ್ಲರ್‌ನ ಒಂದು ತುದಿಯ ಪಿನ್‌ನಲ್ಲಿ ಓರೆಯಾಗಿಸುವ ಮೊಮೆಂಟ್ 3.7 ನ್ಯೂಟನ್ ಮೀಟರ್, ಇನ್ನೊಂದು ತುದಿಯಲ್ಲಿ ಸೊನ್ನೆ. ಜಾಯಿಂಟ್‌ಗಳನ್ನು ಅಳಿಸಿ ಬೇರೆ ಕ್ರಮದಲ್ಲಿ ಸೇರಿಸಿದರೆ ಎರಡೂ ಅದಲುಬದಲಾಗುತ್ತವೆ! ಪಿನ್‌ನ ಎಫ್‌ಇಎ ವಿಶ್ಲೇಷಣೆಗೆ (ಭಾಗವನ್ನು ಸಣ್ಣ ತುಣುಕುಗಳ ಮೆಶ್ ಆಗಿ ಒಡೆದು ಒತ್ತಡ ಲೆಕ್ಕ ಹಾಕುವುದಕ್ಕೆ) ಯಾವುದನ್ನು ಕೊಡಬೇಕು?

ಮೂರನೇಸೆಮಿಸ್ಟರ್
ಆ ಎಚ್ಚರಿಕೆ ಎಲ್ಲರಿಗೂ ಬರುತ್ತದೆ. ಹೆಚ್ಚಾದ ಬಂಧನವನ್ನು ಸಾಲ್ವರ್ (ತಂತ್ರಾಂಶದ ಲೆಕ್ಕ ಮಾಡುವ ಭಾಗ) ತಾನೇ ತೆಗೆದುಹಾಕುತ್ತದೆ. ಚಲನೆ ಸರಿಯಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಹಳೆಯ ಟೂಲ್‌ರೂಂ
ಚಲನೆ ಮಾತ್ರ ಬೇಕಿದ್ದರೆ ಮೇಲಿನವರು ಹೇಳಿದ್ದು ಸರಿ. ಇವರು ಕೇಳುತ್ತಿರುವುದು ಬಲದ ವಿಷಯ, ಅಲ್ಲಿ ಈ ಮಾತು ನಡೆಯದು.

ಲೆಕ್ಕ ನೋಡಿ. ಚಲಿಸುವ ಲಿಂಕ್‌ಗಳು ಮೂರು, ಒಂದೊಂದಕ್ಕೆ ಆರು ಸ್ವಾತಂತ್ರ್ಯ, ಒಟ್ಟು 18. ಒಂದು ರಿವಲ್ಯೂಟ್ ಐದನ್ನು ಕಸಿಯುತ್ತದೆ, ನಾಲ್ಕು ಸೇರಿ 20. ಅಲ್ಲಿಗೆ −2. ಆದರೆ ಪಿನ್‌ಗಳೆಲ್ಲ ಒಂದಕ್ಕೊಂದು ಸಮಾನಾಂತರವಾಗಿರುವುದರಿಂದ ಯಂತ್ರಕ್ಕೆ ಒಂದು ಸ್ವಾತಂತ್ರ್ಯ ಉಳಿದೇ ಇದೆ. ಅಂದರೆ ಮೂರು ಬಂಧನಗಳು ಹೆಚ್ಚುವರಿ, ಒಂದೇ ಕೆಲಸಕ್ಕೆ ಎರಡೆರಡು ಸಲ ಸಂಬಳ ಕೊಟ್ಟಂತೆ. ಯಾರ ಸಂಬಳ ಕಡಿಯಬೇಕೆಂದು ನೀವು ಹೇಳದಿದ್ದರೆ ಸಾಲ್ವರ್ ತನಗೆ ತೋಚಿದವರದನ್ನು ಕಡಿಯುತ್ತದೆ. ಕ್ರಮ ಬದಲಿಸಿದಾಗ ಉತ್ತರ ಬದಲಾಗುವುದು ಅದಕ್ಕೇ.

ಸಮಾಧಾನದ ಸಂಗತಿಯೂ ಒಂದಿದೆ. ಈ ಗೊಂದಲವೆಲ್ಲ ಪಿನ್‌ನ ಉದ್ದಕ್ಕೆ ಬರುವ ಬಲ ಮತ್ತು ಪಿನ್ನನ್ನು ಓರೆಯಾಗಿಸುವ ಮೊಮೆಂಟ್‌ಗಳದ್ದು. ಲಿಂಕ್‌ಗಳು ತಿರುಗುವ ಸಮತಲದೊಳಗಿನ ಬಲವನ್ನು ಧೈರ್ಯವಾಗಿ ನಂಬಬಹುದು, ಕ್ರಮ ಹೇಗೇ ಬದಲಿಸಿದರೂ ಅದು ಬದಲಾಗದು. ಕೈಯಲ್ಲಿ ಪರೀಕ್ಷಿಸಿ: 12 ನ್ಯೂಟನ್ ಮೀಟರನ್ನು 0.08ರಿಂದ ಭಾಗಿಸಿದರೆ 150 ನ್ಯೂಟನ್. ಕ್ರ್ಯಾಂಕ್ ನೆಲದ ರೇಖೆಯ ಮೇಲೆ ರಾಕರ್ ಕಡೆಗೆ ಬಂದಾಗ ಕಪ್ಲರ್ ಮತ್ತು ರಾಕರ್ ನಡುವಿನ ಕೋನ 34 ಡಿಗ್ರಿಗೆ ಇಳಿಯುತ್ತದೆ. ಅದರ ಸೈನ್ 0.56. ಹಾಗಾಗಿ ಕಪ್ಲರ್‌ನಲ್ಲಿ ಸುಮಾರು 268 ನ್ಯೂಟನ್. ನಿಮ್ಮ ಗ್ರಾಫ್‌ನ ಶಿಖರ ನಿಧಾನ ವೇಗದಲ್ಲಿ ಇದರ ಆಸುಪಾಸಿನಲ್ಲಿ ಇರಬೇಕು.

ಇನ್ನು ಆ 3.7. ಕ್ರ್ಯಾಂಕ್ ಕಪ್ಲರ್‌ನ ಒಂದು ಮಗ್ಗುಲಲ್ಲಿ, ರಾಕರ್ ಇನ್ನೊಂದು ಮಗ್ಗುಲಲ್ಲಿ ಇದ್ದು, ಅವೆರಡರ ಮಧ್ಯರೇಖೆಗಳ ನಡುವೆ 14 ಮಿ.ಮೀ. ಇದೆಯೇ? 268ನ್ನು 14ರಿಂದ ಗುಣಿಸಿ ನೋಡಿ.

ಸರಿಪಡಿಸಲು ನೆಲದ ಎರಡು ಪಿನ್‌ಗಳನ್ನು ರಿವಲ್ಯೂಟ್ ಆಗಿಯೇ ಬಿಡಿ. ಕ್ರ್ಯಾಂಕ್–ಕಪ್ಲರ್ ಜಾಯಿಂಟನ್ನು ಸಿಲಿಂಡ್ರಿಕಲ್ (ತಿರುಗುವುದರ ಜೊತೆಗೆ ಪಿನ್ನಿನ ಉದ್ದಕ್ಕೂ ಜಾರುವ ಕೀಲು) ಮಾಡಿ, ಕಪ್ಲರ್–ರಾಕರ್ ಜಾಯಿಂಟನ್ನು ಬಾಲ್ (ಎಲ್ಲ ದಿಕ್ಕಿಗೂ ತಿರುಗುವ ಗೋಲದ ಕೀಲು) ಮಾಡಿ. ಐದು, ಐದು, ನಾಲ್ಕು, ಮೂರು: ಒಟ್ಟು 17. ಹದಿನೆಂಟರಲ್ಲಿ ಒಂದು ಉಳಿಯಿತು, ಎಚ್ಚರಿಕೆ ಹೋಯಿತು. ಆದರೆ ಆಗ ಓರೆ ಮೊಮೆಂಟ್ ಪೂರ್ತಿ ಕ್ರ್ಯಾಂಕ್ ಪಿನ್ನಿಗೆ ಬೀಳುತ್ತದೆ, ಏಕೆಂದರೆ ಹಾಗೆಂದು ನೀವೇ ತೀರ್ಮಾನಿಸಿದ್ದೀರಿ. ನಿಜವಾದ ಯಂತ್ರದಲ್ಲಿ ಅದು ಹೇಗೆ ಹಂಚಿಹೋಗುತ್ತದೆ ಎಂಬುದು ಬುಶ್‌ನ ಸಡಿಲ ಮತ್ತು ಲಿಂಕ್‌ಗಳ ಬಿಗಿತದ ಮೇಲಿದೆ. 12 ಮಿ.ಮೀ. ಪಿನ್ನಿಗೆ ಎಚ್7/ಜಿ6 ಫಿಟ್ (ರಂಧ್ರ ಮತ್ತು ಪಿನ್ನಿನ ಅಳತೆಗೆ ಇರುವ ಮಾನಕ ಮಿತಿಗಳ ಜೋಡಿ) ಕೊಟ್ಟರೆ ಸಡಿಲ 6ರಿಂದ 35 ಮೈಕ್ರಾನ್. ಕಾಗದದ ಮೇಲೆ −2 ಇದ್ದರೂ ಯಂತ್ರ ಹಿಡಿದುಕೊಳ್ಳದೆ ಓಡುವುದು ಈ ಸಡಿಲದ ದಯೆಯಿಂದ.

ಕೊನೆಯದಾಗಿ, ಎಫ್‌ಇಎ ಯಾಕೆ ಸ್ವಾಮಿ? ಮೊಮೆಂಟ್ ಪೂರ್ತಿ ಒಂದೇ ಪಿನ್ನಿಗೆ ಬಂದರೂ 12 ಮಿ.ಮೀ. ವ್ಯಾಸಕ್ಕೆ ಬಾಗುವ ಒತ್ತಡ 22 ಮೆಗಾಪಾಸ್ಕಲ್. ಸಾದಾ ಮೈಲ್ಡ್ ಸ್ಟೀಲ್ ಕೂಡ 250ರವರೆಗೆ ಬಗ್ಗುವುದಿಲ್ಲ. ಮೆಶ್ ಹಾಕಿ ಕಾಯುತ್ತ ಕೂರುವುದಕ್ಕೆ ಇಲ್ಲಿ ಏನೂ ಇಲ್ಲ. ನಿಮ್ಮ ನಿಜವಾದ ತೊಂದರೆ ಆ 34 ಡಿಗ್ರಿ. ಅದನ್ನು 40ರ ಕೆಳಗೆ ಬಿಡಬಾರದೆಂಬುದು ಹಳೆಯ ಲೆಕ್ಕ. ಪೆಟ್ಟಿಗೆಯನ್ನು ಎಷ್ಟು ದೂರ ತಳ್ಳಬೇಕು?

ಗೋಕುಲರಸ್ತೆ
14 ಮಿ.ಮೀ. ಎಂದು ನಿಮಗೆ ಹೇಗೆ ತಿಳಿಯಿತು ಸರ್! ಹೌದು, ಕಪ್ಲರ್ ನಡುವೆ ಸಿಕ್ಕಿಕೊಂಡಂತಿದೆ. 230 ಮಿ.ಮೀ. ತಳ್ಳಿದರೆ ಸಾಕು. ಈಗ 330 ದಾಟುತ್ತಿದೆ, ಹೆಚ್ಚಿದ್ದರೆ ಒಳ್ಳೆಯದೇ ಎಂದುಕೊಂಡಿದ್ದೆ.

ಹಳೆಯ ಟೂಲ್‌ರೂಂ
ಆ ಹೆಚ್ಚಿನ ನೂರಕ್ಕೆ ಬೆಲೆ ತೆರುತ್ತಿದ್ದೀರಿ. ಕ್ರ್ಯಾಂಕನ್ನು 30 ಮಾಡಿ, ಉಳಿದದ್ದು ಹಾಗೇ ಇರಲಿ. ರಾಕರ್ ತೂಗಾಟ 67 ಡಿಗ್ರಿಯಿಂದ 49ಕ್ಕೆ ಇಳಿಯುತ್ತದೆ, 300ರ ತೋಳಿನ ತುದಿ 250 ಮಿ.ಮೀ. ಚಲಿಸುತ್ತದೆ. ಕನಿಷ್ಠ ಕೋನ 41ಕ್ಕೆ ಏರುತ್ತದೆ, ಕಪ್ಲರ್ ಬಲ 227ಕ್ಕೆ ಇಳಿಯುತ್ತದೆ. ಗ್ರಾಶಾಫ್ ನಿಯಮಕ್ಕೂ (ಕ್ರ್ಯಾಂಕ್ ಪೂರ್ತಿ ಸುತ್ತಬೇಕಾದರೆ ಅತಿ ಚಿಕ್ಕ ಮತ್ತು ಅತಿ ಉದ್ದದ ಲಿಂಕ್‌ಗಳ ಮೊತ್ತ ಉಳಿದೆರಡರ ಮೊತ್ತವನ್ನು ಮೀರಬಾರದು) ಧಕ್ಕೆಯಿಲ್ಲ: 30 ಮತ್ತು 120 ಕೂಡಿದರೆ 150, ಉಳಿದೆರಡು ಕೂಡಿದರೆ 190.

ಸ್ಕೆಚ್ ಮೊದಲು
ಒಂದು ಮಾತು ಸೇರಿಸುತ್ತೇನೆ. ನಾಲ್ಕು ಉದ್ದಗಳನ್ನೂ ಒಂದೇ ಮೂಲ ಸ್ಕೆಚ್‌ನಲ್ಲಿ ಗೆರೆಗಳಾಗಿ ಇಟ್ಟು, ಪ್ರತಿ ಲಿಂಕ್‌ನ ರಂಧ್ರಗಳ ಅಂತರವನ್ನು ಅಲ್ಲಿಂದಲೇ ತೆಗೆದುಕೊಳ್ಳಿ. ಆಗ 40ನ್ನು 30 ಮಾಡುವುದು ಒಂದು ಕಡೆಯ ಬದಲಾವಣೆ, ಭಾಗಗಳನ್ನು ಜೋಡಿಸುವ ಮೇಟ್‌ಗಳು ಮುರಿಯುವುದಿಲ್ಲ. ಕಚೇರಿಯ ಲೈಸೆನ್ಸ್ ಮನೆಯಲ್ಲಿ ಇಲ್ಲದಿದ್ದರೆ, 2024ರ ನವೆಂಬರ್‌ನಲ್ಲಿ ಬಂದ ಉಚಿತ ಕ್ಯಾಡ್ ತಂತ್ರಾಂಶ ಫ್ರೀಕ್ಯಾಡ್ 1.0ರಲ್ಲಿ ಅಸೆಂಬ್ಲಿ ವಿಭಾಗ ಜೊತೆಗೇ ಇದೆ. ರಿವಲ್ಯೂಟ್, ಸಿಲಿಂಡ್ರಿಕಲ್, ಬಾಲ್ ಮೂರನ್ನೂ ಅಲ್ಲಿ ಹಾಕಿ ನೋಡಬಹುದು.

ಗೋಕುಲರಸ್ತೆ
ಕ್ರ್ಯಾಂಕ್ 30 ಮಾಡಿದೆ, ಸಂಖ್ಯೆಗಳು ಹೊಂದಿಕೊಂಡವು. ಕಪ್ಲರ್‌ನ ಎರಡೂ ತುದಿಗೆ ರಾಡ್ ಎಂಡ್ ಬೇರಿಂಗ್ (ಒಳಗೆ ಗೋಲದ ಕೀಲಿರುವ ಬೇರಿಂಗ್) ಹಾಕೋಣ ಎಂದು ಫಿಟ್ಟರ್ ಹೇಳುತ್ತಿದ್ದಾರೆ. ಎರಡು ಬಾಲ್ ಕೊಟ್ಟರೆ ಸ್ವಾತಂತ್ರ್ಯ 2 ತೋರಿಸುತ್ತದೆ. ತಪ್ಪೇ?

ಹಳೆಯ ಟೂಲ್‌ರೂಂ
ತಪ್ಪಲ್ಲ. ಎರಡನೆಯದು ಕಪ್ಲರ್ ತನ್ನ ಉದ್ದದ ಸುತ್ತ ತಾನೇ ಹೊರಳುವುದು, ತಳ್ಳುವ ಕೆಲಸಕ್ಕೆ ಅದರಿಂದ ಬಾಧೆಯಿಲ್ಲ. ರಾಡ್ ಎಂಡ್‌ನ ಓರೆಯ ಮಿತಿಯೇ ಅದನ್ನು ತಡೆಯುತ್ತದೆ. ಬಾಲ್‌ಗಳ ಕೇಂದ್ರವನ್ನು ಮಾತ್ರ ಎರಡೂ ಕಡೆ ಕಪ್ಲರ್‌ನ ಮಧ್ಯರೇಖೆಯ ಮೇಲೆ ಇಡಿ. ಆಗ ಪ್ರತಿ ಪಿನ್ನಿಗೂ 7 ಮಿ.ಮೀ. ಚಾಚು, ಮೊಮೆಂಟ್ ಎರಡಕ್ಕೂ ಸಮ. ಫಿಟ್ಟರ್ ಹೇಳಿದಂತೆ ಮಾಡಿ.