ಅಡುಗೆ ಸೋಡಾದಲ್ಲಿ ಏನಿದೆ? ಕೆಮಿಸ್ಟ್ರಿ ಮೇಡಂ ಅವರನ್ನು ಕೇಳಿ

ದಾವಣಗೆರೆ ಬೆಣ್ಣೆ: ಮೇಡಂ, ಬಟ್ಟೆ ಸೋಡಾನೇ ಸೋಸಿ ಅಡುಗೆ ಸೋಡಾ ಅಂತ ಮಾರುತ್ತಾರಂತೆ. ಹೌದಾ?

ಮೇಡಂ: ಇಲ್ಲ. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬನೇಟ್. ಬಟ್ಟೆ ಸೋಡಾ ಸೋಡಿಯಂ ಕಾರ್ಬನೇಟ್, ಕ್ಷಾರ ಜಾಸ್ತಿ. ಸೋಸಿದರೆ ಒಂದು ಇನ್ನೊಂದಾಗಲ್ಲ. ಕಾಯಿಸಿದರೆ ಮಾತ್ರ ಅಡುಗೆ ಸೋಡಾ ಬಟ್ಟೆ ಸೋಡಾ ಆಗುತ್ತದೆ. 168 ಗ್ರಾಂ ಕಾಯಿಸಿದರೆ 106 ಗ್ರಾಂ ಉಳಿಯುತ್ತದೆ, ಮಿಕ್ಕಿದ್ದು ನೀರಾವಿ, ಕಾರ್ಬನ್ ಡೈಆಕ್ಸೈಡ್. ಹುಳಿ ಇಲ್ಲದ ಹಿಟ್ಟಿಗೆ ಸೋಡಾ ಸುರಿದರೆ ಸೋಪಿನ ರುಚಿ ಬರೋದು ಇದಕ್ಕೇ.

ಸುಮ್ನೆ ಓದೋಳು: ಬೇಕಿಂಗ್ ಪೌಡರ್, ಸೋಡಾ ಒಂದೇನಾ?

ಮೇಡಂ: ಅಲ್ಲ. ಪೌಡರಿನಲ್ಲಿ ಸೋಡಾ, ಪುಡಿ ಆಮ್ಲ, ಕಾರ್ನ್ ಫ್ಲೋರ್ ಇರುತ್ತವೆ.

ಮಂಡ್ಯ ಸೊಸೆ: ನಮ್ಮ ಮಾವನವರಿಗೆ ಬಿಪಿ ಇದೆ. ವಾಟ್ಸಾಪ್ ನೋಡಿ ದಿನಾ ಒಂದು ಚಮಚ ಸೋಡಾ ನೀರಿಗೆ ಹಾಕಿ ಕುಡಿಯುತ್ತಿದ್ದಾರೆ. ರಕ್ತ ಕ್ಷಾರ ಆದರೆ ಕಾಯಿಲೆ ಬರಲ್ವಂತೆ. ಈಗ ಕಾಲು ಊದಿದೆ.

ಮೇಡಂ: ಸೋಡಾ ಇವತ್ತೇ ನಿಲ್ಲಿಸಿ. ಅದರ ತೂಕದಲ್ಲಿ ಶೇ. 27ರಷ್ಟು ಸೋಡಿಯಂ. ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ, ತಿಂದರೆ ಸುಮಾರು 1,350 ಮಿಲಿಗ್ರಾಂ ಸೋಡಿಯಂ ಒಳಗೆ ಹೋಯಿತು. ಊಟದ ಉಪ್ಪೆಲ್ಲ ಸೇರಿ ದಿನಕ್ಕೆ 2,000 ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೋಡಿಯಂ ಮೈಯಲ್ಲಿ ನೀರು ಹಿಡಿದಿಡುತ್ತದೆ, ಬಿಪಿ ಏರಿಸುತ್ತದೆ. ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.35ರಿಂದ 7.45ರೊಳಗೆ ಇರುವಂತೆ ಶ್ವಾಸಕೋಶ, ಕಿಡ್ನಿ ನೋಡಿಕೊಳ್ಳುತ್ತವೆ. ಅವಕ್ಕೆ ಸೋಡಾದ ಸಹಾಯ ಬೇಡ. ಕಿಡ್ನಿ ಸರಿ ಇಲ್ಲದಿದ್ದರೆ ಕ್ಷಾರ ನಿಜಕ್ಕೂ ಏರುತ್ತದೆ, ಅದು ಅಪಾಯ. ಕೆಲವು ಬಿಪಿ ಮಾತ್ರೆಗಳಿಂದಲೂ ಕಾಲು ಊದುತ್ತದೆ. ಯಾವುದರಿಂದ ಅಂತ ಡಾಕ್ಟರೇ ಹೇಳಬೇಕು, ನಾನಲ್ಲ. ಮಾತ್ರೆ ನೀವಾಗಿ ಬಿಡಿಸಬೇಡಿ. ಸೋಡಾ ವಿಷಯ ಮುಚ್ಚಿಡಬೇಡಿ. ಉಸಿರು ಕಟ್ಟಿದರೆ ನಾಳೆ ತನಕ ಕಾಯಬೇಡಿ.

ಆರೋಗ್ಯ ಮಿತ್ರ: ನಿಂಬೆರಸ ಹಿಂಡಿ ಕುಡಿದರೆ ಏನೂ ಆಗಲ್ಲ. ಫಾರ್ವರ್ಡ್ ಹಾಕಿದ್ದೀನಿ, ನೋಡಿ.

ಮೇಡಂ: ನಿಂಬೆ ಹುಳಿಗೆ ಗ್ಯಾಸ್ ಹೋಗುತ್ತದೆ. ಸೋಡಿಯಂ ಹೋಗಲ್ಲ, ಲೋಟದಲ್ಲೇ ಇರುತ್ತದೆ. ಓದಿ, ಆಮೇಲೆ ಫಾರ್ವರ್ಡ್ ಮಾಡಿ.

ಕಡಲ ತೀರ: ಗೋಳಿಬಜೆಗೂ ಸೋಡಾ ಸುರಿಯುವವರಿದ್ದಾರಲ್ಲ, ಅವರಿಗೂ ಹೇಳಿ. ಹುಳಿ ಮೊಸರು ಸಾಕು.

ದಾವಣಗೆರೆ ಬೆಣ್ಣೆ: ಹೋಟೆಲಲ್ಲಿ ತಿಂದು ಬಾಯಿ ಚಪ್ಪರಿಸ್ತೀರಲ್ಲ, ಅದರಲ್ಲಿ ಏನಿರುತ್ತೆ ಅನ್ಕೊಂಡ್ರಿ?

ಕಡಲ ತೀರ: ನಿಮ್ಮೂರ ಮಂಗಳೂರು ಬಜ್ಜಿ ಮಂಗಳೂರಿನದ್ದೇ ಅಲ್ಲ ಮಾರಾಯ್ರೆ.

ಪುಟ್ಟಿ ಅಮ್ಮ: ಅರಿಶಿನ ಹಾಕಿದ ಢೋಕ್ಲಾ ಅಲ್ಲಲ್ಲಿ ಕೆಂಪಾಗಿದೆ. ತಿನ್ನಬಹುದಾ ಮೇಡಂ?

ದಾವಣಗೆರೆ ಬೆಣ್ಣೆ: ಹಿಟ್ಟು ಹುದುಗಲು ರಾತ್ರಿಯಿಡೀ ಕಾಯೋಕೆ ನಮಗೆ ಪುರುಸೊತ್ತಿಲ್ಲ ಕಣ್ರೀ.

ಹೊಸ ಸದಸ್ಯ: ಪೌಡರ್ ಬದಲು ಸೋಡಾ ಹಾಕಬಹುದಾ? ಎರಡೂ ಒಂದೇ ಅಲ್ವಾ?

ಮೇಡಂ: ಮೇಲೆ ಹೇಳಿದ್ದೇನೆ.

ಮಂಡ್ಯ ಸೊಸೆ: ಮಾವ ಒಪ್ಪುತ್ತಿಲ್ಲ. ಮೆಸೇಜಲ್ಲಿ ಯಾರೋ ಡಾಕ್ಟರ್ ಹೆಸರಿದೆ ಅಂತಾರೆ.

ಮೇಡಂ: ಆ ಡಾಕ್ಟರ್ ನಿಮ್ಮ ಮಾವನವರ ಬಿಪಿ ನೋಡಿದ್ದಾರಾ? ನೋಡುವ ಡಾಕ್ಟರಿಗೆ ಈಗಲೇ ಫೋನ್ ಮಾಡಿ, ಫೋನ್ ಮಾವನವರ ಕೈಗೇ ಕೊಡಿ. ಆರೋಗ್ಯ ಮಿತ್ರರೇ, ಆ ಫಾರ್ವರ್ಡ್ ಅಳಿಸಿ.

ಆರೋಗ್ಯ ಮಿತ್ರ: ನೀವು ಬರೀ ಕೆಮಿಸ್ಟ್ರಿ ಓದಿದವರು, ಅನುಭವ ಬೇರೆ.

ಕಡಲ ತೀರ: ಅನುಭವ ಇದ್ದರೆ ಸೋಡಾ ಬೇಕಾಗಲ್ಲ, ನಾನೂ ಅದನ್ನೇ ಹೇಳಿದ್ದು.